ಸಿಂಬಳದಿಂದ ಶುರುವಾಗುವ ಸಂಶೋಧನೆ

ಸಿಂಬಳ ಹಸಿರಾಯಿತು ಅಂದರೆ ಸಾಕು, ಆಂಟಿಬಯೋಟಿಕ್ ಬೇಕೇ ಬೇಕು ಎಂದು ಜನ ಹಟ ಹಿಡಿಯುತ್ತಾರೆ. ಆ ಬಣ್ಣ ಬರುವುದು ನಮ್ಮದೇ ಬಿಳಿ ರಕ್ತಕಣಗಳಿಂದ. ಸೋಂಕಿನ ಜಾಗಕ್ಕೆ ಓಡಿ ಬರುವ ನ್ಯೂಟ್ರೋಫಿಲ್‌ಗಳ ಒಳಗೆ ಹಸಿರು ಬಣ್ಣದ ಕಿಣ್ವವೊಂದಿದೆ. ಮಾಮೂಲಿ ನೆಗಡಿಯಲ್ಲೂ ಅವು ಬರುತ್ತವೆ. ನೆಗಡಿ ತರುವುದು ವೈರಸ್, ಅದರ ಮೇಲೆ ಆಂಟಿಬಯೋಟಿಕ್ ನಡೆಯುವುದಿಲ್ಲ. ಬಣ್ಣ ನೋಡಿ ಮಾತ್ರೆ ನುಂಗುವ ಈ ಅಭ್ಯಾಸ ಹೋಗಬೇಕು.

ಅದಕ್ಕೆ ಶ್ವಾಸನಾಳದ ಜೀವಕೋಶಗಳನ್ನು ಕಣ್ಣಾರೆ ಕಂಡವರು ಜಾಸ್ತಿಯಾಗಬೇಕು. ಪದವಿ ಓದುವಾಗಲೇ ಸಂಶೋಧನೆಗೆ ಇಳಿಯುವ ಆಸೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಇಲ್ಲಿ ಜೀವಕೋಶ ದುಡಿಯುವುದು ಕಣ್ಣಿಗೇ ಕಾಣುತ್ತದೆ.

ಶ್ವಾಸನಾಳದ ಬಹಳಷ್ಟು ಜೀವಕೋಶಗಳ ತಲೆಯ ಮೇಲೆ ತಲಾ ಇನ್ನೂರರಷ್ಟು ಸಿಲಿಯಾ, ಅಂದರೆ ಅತಿ ಸಣ್ಣ ಕೂದಲುಗಳು. ಸೆಕೆಂಡಿಗೆ ಸುಮಾರು 10 ಸಲ ಬಡಿಯುತ್ತವೆ. ಅಂಬಿಗ ಹುಟ್ಟು ಹಾಕುವ ಹಾಗೆಯೇ: ಮುಂದಕ್ಕೆ ಬೀಸುವಾಗ ನೆಟ್ಟಗೆ, ಜೋರಾಗಿ, ಹಿಂದಕ್ಕೆ ಬರುವಾಗ ಬಾಗಿ, ತಗ್ಗಿನಲ್ಲಿ. ಹೀಗಾಗಿ ಮೇಲಿನ ಲೋಳೆ ಗಂಟಲ ಕಡೆಗೆ ಮಾತ್ರ ಸಾಗುತ್ತದೆ. ದೂಳು, ಬ್ಯಾಕ್ಟೀರಿಯಾ ಎಲ್ಲ ಅದಕ್ಕೆ ಅಂಟಿಕೊಂಡೇ ಮೇಲೆ ಬರುತ್ತವೆ. ಆದರೆ ಸಿಲಿಯಾ ಬಡಿಯಲು ಕೆಳಗೆ ತೆಳುವಾದ ನೀರಿನ ಪದರ ಬೇಕು. ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯಲ್ಲಿ ಸಿಲಿಯಾಗಳಲ್ಲಿ ದೋಷವೇನೂ ಇಲ್ಲ. ಉಪ್ಪು ಮತ್ತು ನೀರಿನ ಲೆಕ್ಕ ತಪ್ಪುತ್ತದೆ, ಲೋಳೆ ಗಟ್ಟಿಯಾಗಿ ಕೂತುಬಿಡುತ್ತದೆ.

ಲೋಳೆ ಬರೀ ಅಂಟೂ ಅಲ್ಲ. 1921ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್‌ಗೆ ನೆಗಡಿಯಾಗಿತ್ತು. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ತನ್ನ ಸಿಂಬಳವನ್ನೇ ಹಾಕಿ ನೋಡಿದರೆ, ಅದರ ಹತ್ತಿರದ ಬ್ಯಾಕ್ಟೀರಿಯಾ ಕರಗುತ್ತಿದ್ದವು! ಹಾಗೆ ಸಿಕ್ಕಿದ್ದು ಲೈಸೋಜೈಮ್ ಎಂಬ, ಬ್ಯಾಕ್ಟೀರಿಯಾ ಕರಗಿಸುವ ಕಿಣ್ವ. ಪೆನಿಸಿಲಿನ್ ಸಿಕ್ಕಿದ್ದು ಅದಾದ ಏಳು ವರ್ಷಕ್ಕೆ.

ಎಲ್ಲ ಗೊತ್ತಾಗಿಹೋಗಿದೆ, ನಮಗೇನು ಉಳಿದಿದೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಶ್ವಾಸನಾಳದಲ್ಲಿ ಅಯೋನೊಸೈಟ್ ಎಂಬ ಜೀವಕೋಶ ಇದೆ ಎಂದು ಗೊತ್ತಾದದ್ದೇ 2018ರಲ್ಲಿ! ನೂರಕ್ಕೆ ಒಂದರಷ್ಟೂ ಇಲ್ಲದ ಈ ಜೀವಕೋಶದಲ್ಲೇ, ಕೆಟ್ಟರೆ ಸಿಸ್ಟಿಕ್ ಫೈಬ್ರೋಸಿಸ್ ತರುವ ಜೀನ್ ತುಂಬ ಚುರುಕು. ಅಷ್ಟು ಕಾಲ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಲ್ವಾ?

ಇನ್ನು ಲ್ಯಾಬ್ ಕೆಲಸ. ಮೂಗಿನೊಳಗೆ ಬ್ರಶ್ ಆಡಿಸಿ ತೆಗೆದ ಜೀವಕೋಶಗಳನ್ನು ಸಣ್ಣ ತೂತುಗಳ ಪೊರೆಯ ಮೇಲೆ ಬೆಳೆಸುತ್ತಾರೆ. ಕೆಳಗೆ ಪೋಷಕ ದ್ರವ, ಮೇಲೆ ಬರೀ ಗಾಳಿ. ಮೂರ್ನಾಲ್ಕು ವಾರದಲ್ಲಿ ಸಿಲಿಯಾ ಮೂಡುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸತ್ತ ಜೀವಕೋಶದ ಚೂರುಗಳು ಲೋಳೆಯಲ್ಲಿ ಗಿರಗಿರನೆ ಸುತ್ತುತ್ತಿರುತ್ತವೆ. ಹೈಸ್ಪೀಡ್ ಕ್ಯಾಮೆರಾದಲ್ಲಿ ಅದನ್ನು ಹಿಡಿದು ಬಡಿತ ಎಣಿಸುವುದು ಹೊಸಬರಿಗೂ ಒಗ್ಗುವ ಕೆಲಸ. ಒಂದು ಎಚ್ಚರ ಬೇಕು. ಇನ್‌ಕ್ಯುಬೇಟರಿನಿಂದ ಹೊರಗಿಟ್ಟ ತಟ್ಟೆ ತಣ್ಣಗಾದಂತೆ ಬಡಿತವೂ ನಿಧಾನವಾಗುತ್ತದೆ. ಶಾಖ ನೋಡದೆ ಅದನ್ನು ಔಷಧದ ಪರಿಣಾಮ ಎಂದು ಬರೆದುಕೊಂಡರೆ ಇಡೀ ಲೆಕ್ಕವೇ ಸುಳ್ಳು.

ಲ್ಯಾಬಿಗೆ ಅರ್ಜಿ ಬರೆಯುವಾಗ ಸುಮ್ನೆ 'ಇಮ್ಯುನಿಟಿಯಲ್ಲಿ ಆಸಕ್ತಿ ಇದೆ' ಅಂದರೆ ಸಾಲದು. ಆ ಲ್ಯಾಬಿನ ಒಂದಾದರೂ ಪ್ರಬಂಧ ಓದಿ, ಒಂದು ಪ್ರಶ್ನೆ ಕೇಳಿ. ಬೆಳೆದ ತಟ್ಟೆಗಳು ಸಿದ್ಧವಾಗಿವೆಯೇ ಎಂದೂ ವಿಚಾರಿಸಿ. ಇಲ್ಲದಿದ್ದರೆ ಒಂದು ತಿಂಗಳ ರಜೆಯೆಲ್ಲ ಸಿಲಿಯಾ ಮೂಡುವುದನ್ನು ಕಾಯುವುದರಲ್ಲೇ ಮುಗಿಯುತ್ತದೆ.