ಗೋಮುಖಕ್ಕೆ ಹೊರಟ ಇನ್ಸುಲಿನ್

‘ದೀಪಾವಳಿ ಕಳೆದ ಮೇಲೆ ಹೋದರೆ ಗೌಜಿ ಇರುವುದಿಲ್ಲವಲ್ಲ ಡಾಕ್ಟರೇ?’ ಉಡುಪಿಯ ನನ್ನ ಕ್ಲಿನಿಕ್ಕಿನಲ್ಲಿ ಕುಳಿತು ಹೀಗೆ ಕೇಳಿದವರು ನಿವೃತ್ತ ಬ್ಯಾಂಕ್ ನೌಕರರು. ವಯಸ್ಸು 61, ಹಳೆಯ ಸಕ್ಕರೆ ಕಾಯಿಲೆ, ದಿನಕ್ಕೆರಡು ಬಾರಿ ಇನ್ಸುಲಿನ್. ಹೊರಟಿರುವುದು ಗಂಗೋತ್ರಿ ಹಿಮನದಿಯ ಮೂತಿಗೆ, ಎಂದರೆ ಅದು ಕೊನೆಗೊಳ್ಳುವ ಕೆಳತುದಿಗೆ, ಗೋಮುಖಕ್ಕೆ.

ಗೌಜಿ ಇರುವುದಿಲ್ಲ, ನಿಜ. ದೀಪಾವಳಿಯ ಹೊತ್ತಿಗೆ ಗಂಗೋತ್ರಿ ದೇವಸ್ಥಾನದ ಬಾಗಿಲು ಮುಚ್ಚುತ್ತದೆ, ದೇವಿಯ ಮೂರ್ತಿ ಚಳಿಗಾಲಕ್ಕೆ ಮುಖ್ಬಾ ಊರಿಗೆ ಇಳಿಯುತ್ತದೆ. ರಾಷ್ಟ್ರೀಯ ಉದ್ಯಾನದ ದ್ವಾರ ಸಾಮಾನ್ಯವಾಗಿ ನವೆಂಬರ್ ಕೊನೆಯವರೆಗೂ ತೆರೆದಿರುವುದರಿಂದ ಅನುಮತಿ ಪತ್ರ ಪಡೆದು ಹೋಗಬಹುದು. ಆದರೆ ದೇವರ ಹಿಂದೆಯೇ ಅಂಗಡಿಯವರು, ಹೋಟೆಲಿನವರು, ಯಾತ್ರಾಕಾಲದ ವೈದ್ಯರು ಎಲ್ಲರೂ ಇಳಿಯುತ್ತಾರೆ. ಬೆಟ್ಟದ ಎತ್ತರ ಮಾತ್ರ ಇಳಿಯುವುದಿಲ್ಲ.

ಗಂಗೋತ್ರಿ ಸುಮಾರು 3,100 ಮೀಟರ್, ರಾತ್ರಿ ತಂಗುವ ಭೋಜಬಾಸಾ ಸುಮಾರು 3,800, ಗೋಮುಖ ಹತ್ತಿರ ಹತ್ತಿರ 4,000. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬುದು ನಮ್ಮ ಲೆಕ್ಕ. ಬಜಪೆಯಲ್ಲಿ ವಿಮಾನ ಹತ್ತಿದವರು ಮರುದಿನ ಸಂಜೆಗೆ ಗಂಗೋತ್ರಿಯಲ್ಲಿರಬಹುದು. ಕಡಲ ಮಟ್ಟದ ದೇಹಕ್ಕೆ ಅದು ವಿಪರೀತ ಅವಸರ. ಅವರ ಪಟ್ಟಿಗೆ ದಾರಿಯಲ್ಲಿ ಸಿಗುವ ಹರ್ಸಿಲ್‌ನಲ್ಲಿ ಒಂದು, ಗಂಗೋತ್ರಿಯಲ್ಲಿ ಇನ್ನೊಂದು ರಾತ್ರಿ ಸೇರಿಸಿದೆ. ‘ರಜೆಯ ಚಿಂತೆ ನಿಮಗಿಲ್ಲವಲ್ಲ’ ಎಂದೆ.

ಇನ್ನು ಇನ್ಸುಲಿನ್. ನಮ್ಮೂರ ಸೆಕೆಯಲ್ಲಿ ಅದನ್ನು ತಂಪಾಗಿಡಿ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಅಲ್ಲಿ ಪಾಠ ತಿರುವುಮುರುವು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮೊದಲಿನಂತೆ ಕಂಡರೂ ನಂಬಿಕೆಗೆ ಅರ್ಹವಲ್ಲ, ಎಸೆಯಬೇಕು. ಆದ್ದರಿಂದ ಬ್ಯಾಗಿನಲ್ಲಿ ಬೇಡ; ಹಗಲು ಒಳಂಗಿಯ ಕಿಸೆಯಲ್ಲಿ, ರಾತ್ರಿ ಕಂಬಳಿಯೊಳಗೆ ಮೈಗೆ ಹತ್ತಿರ. ಸಕ್ಕರೆ ನೋಡುವ ಯಂತ್ರಕ್ಕೂ ಇದೇ ಉಪಚಾರ, ಚಳಿಗೆ ಅದು ತಪ್ಪು ಹೇಳುತ್ತದೆ ಅಥವಾ ಮುಷ್ಕರ ಹೂಡುತ್ತದೆ.

ನನಗೆ ಹೆಚ್ಚು ಭಯವಿರುವುದು ಬೇರೆಯದಕ್ಕೆ. ಎತ್ತರದಲ್ಲಿ ಮೊದಲು ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು. ಊಟ ಬಿಟ್ಟು ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಂಡರೆ ಸಕ್ಕರೆ ಕುಸಿಯುತ್ತದೆ. ಆಗಿನ ಗೊಂದಲ, ತೂರಾಟ ಥೇಟ್ ಎತ್ತರದ ಕಾಯಿಲೆ ಜೋರಾಗಿ ಮೆದುಳು ಊದಿದಾಗಿನಂತೆಯೇ. ಹಾಗಾಗಿ ತಡವರಿಸುವವರ ಬೆರಳಿಗೆ ಮೊದಲು ಸೂಜಿ. ಸಕ್ಕರೆ ಸರಿಯಿದ್ದೂ ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ, ಕುಳಿತಲ್ಲೇ ಏದುಸಿರು ಬಂದರೆ, ರಾತ್ರಿಯೆಂದು ನೋಡದೆ ಕೆಳಗಿಳಿಸಬೇಕು. ಎತ್ತರಕ್ಕೆ ದೇಹ ಹೊಂದಿಕೊಳ್ಳಲು ಅಸೆಟಜೋಲಮೈಡ್ ಮಾತ್ರೆ ಸಹಾಯಕ, ಆದರೆ ಸ್ನೇಹಿತರ ಡಬ್ಬಿಯಿಂದ ಕಡ ತಂದು ನುಂಗುವಂಥದ್ದಲ್ಲ.

ನೀರಿನ ವಿಷಯ ಚುಟುಕಾಗಿ: ನಾವು ಬೆವರು ನೋಡಿ ನೀರು ಕುಡಿಯುವ ಜನ. ಅಲ್ಲಿ ಬೆವರೇ ಕಾಣದು, ಒಣಗಾಳಿ ಮಾತ್ರ ಉಸಿರಿನ ದಾರಿಯಲ್ಲೇ ನೀರು ಹೀರುತ್ತದೆ.

ಅವರು ಕ್ಷೇಮವಾಗಿ ಮರಳಿದರು, ಒಂದು ದೂರಿನೊಂದಿಗೆ. ‘ಬೆಳ್ಳಗಿನ ಹಿಮ ಎಲ್ಲಿ ಡಾಕ್ಟರೇ? ಬರೀ ಕಲ್ಲು, ಮಣ್ಣು!’ ಆ ಹಿಮನದಿಯ ಕೆಳಭಾಗ ಇರುವುದೇ ಹಾಗೆ, ಬೆಟ್ಟದಿಂದ ಉದುರಿದ ಕಲ್ಲುಮಣ್ಣು ಹೊದ್ದುಕೊಂಡು. ಬಿಸಿಲೇರಿದಾಗ ಆ ಮೂತಿಯಿಂದ ಮಂಜಿನ ಬಂಡೆಗಳು ಕಳಚಿ ಬೀಳುತ್ತವೆ ಎಂದು ಮೊದಲೇ ಎಚ್ಚರಿಸಿದ್ದೆ. ದೂರದಲ್ಲೇ ನಿಂತು ಒಂದು ಬೀಳುವುದನ್ನು ನೋಡಿದರಂತೆ. ‘ನಮ್ಮ ಕಡೆ ತೆಂಗಿನಕಾಯಿ ಬೀಳುವ ಹಾಗೆ, ಸೂಚನೆಯೇ ಇಲ್ಲ’ ಎಂದರು.