ಪವರ್‌ಬಾಲ್‌ನ ‘ಹಾಟ್ ನಂಬರ್’: ಎಣಿಸುವುದು ಹೇಗೆ, ಒರೆಗೆ ಹಚ್ಚುವುದು ಹೇಗೆ

ಹಿಂದೆ ಹೆಚ್ಚು ಸಲ ಬಿದ್ದ ಸಂಖ್ಯೆ, ಅಂದರೆ ‘ಹಾಟ್ ನಂಬರ್’, ಮುಂದೆಯೂ ಹೆಚ್ಚು ಬೀಳುತ್ತದೆ ಎಂದು ನಂಬುವವರಿದ್ದಾರೆ. ಅಮೆರಿಕದ ಪವರ್‌ಬಾಲ್ ಲಾಟರಿಯ ಹಳೆಯ ಫಲಿತಾಂಶಗಳನ್ನೆಲ್ಲ ಒಂದೇ ಎಕ್ಸೆಲ್ ಹಾಳೆಗೆ ಸುರಿದು ಎಣಿಸಿದರೆ, 60ರಿಂದ 69ರವರೆಗಿನ ಸಂಖ್ಯೆಗಳು ಬೀಳುವುದೇ ಅಪರೂಪ ಎನಿಸುತ್ತದೆ. ನಿಜಾಂಶವೆಂದರೆ, 2015ರ ಅಕ್ಟೋಬರ್ 7ರ ಡ್ರಾಗೆ ಮುಂಚೆ ಆ ಚೆಂಡುಗಳೇ ಇರಲಿಲ್ಲ. ಪ್ರತಿ ಡ್ರಾದಲ್ಲಿ ಐದು ಬಿಳಿ ಚೆಂಡು, ಒಂದು ಕೆಂಪು ಚೆಂಡು ಬೀಳುತ್ತವೆ; ಆರೂ ಹೊಂದಿದರೆ ಜಾಕ್‌ಪಾಟ್. ಅಂದಿನಿಂದ ಬಿಳಿ ಚೆಂಡುಗಳು 59ರಿಂದ 69ಕ್ಕೆ ಏರಿದವು, ಕೆಂಪು ಚೆಂಡುಗಳು 35ರಿಂದ 26ಕ್ಕೆ ಇಳಿದವು. ಹಾಗಾಗಿ ಆ ದಿನಕ್ಕೆ ಹಿಂದಿನ ಸಾಲುಗಳನ್ನು ಮೊದಲು ತೆಗೆದುಹಾಕಿ. ಬಿಳಿಯನ್ನೂ ಕೆಂಪನ್ನೂ ಬೇರೆ ಬೇರೆ ಎಣಿಸಿ.

ಒಂದು ಡ್ರಾದಲ್ಲಿ 69 ಬಿಳಿ ಚೆಂಡುಗಳಿಂದ ಐದು ಬೀಳುತ್ತವೆ. 1000 ಡ್ರಾ ತೆಗೆದುಕೊಂಡರೆ ಪ್ರತಿ ಸಂಖ್ಯೆ ಸರಾಸರಿ 72.5 ಸಲ ಬರಬೇಕು. ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸರಾಸರಿಯಿಂದ ಸಹಜವಾಗಿ ಆಚೀಚೆ ಆಗುವ ಅಳತೆ, 8.2. ಅಂದರೆ ಒಂದು ಸಂಖ್ಯೆ 57 ಸಲ, ಇನ್ನೊಂದು 88 ಸಲ ಬಂದಿದ್ದರೂ ಅದರಲ್ಲಿ ವಿಶೇಷವೇನಿಲ್ಲ. 69 ಚೆಂಡುಗಳಲ್ಲಿ ಸುಮಾರು ಮೂರು ಈ ಮಿತಿಯನ್ನೂ ದಾಟುವುದು ಸಹಜ. ಜನ ‘ಹಾಟ್’ (ಹೆಚ್ಚು ಬಂದದ್ದು) ಅಥವಾ ‘ಕೋಲ್ಡ್’ (ಕಡಿಮೆ ಬಂದದ್ದು) ಎಂದು ಕರೆಯುವುದು ಹೆಚ್ಚಾಗಿ ಆ ಮೂರನ್ನೇ. ಇಡೀ ಪಟ್ಟಿಯನ್ನು ಒಟ್ಟಿಗೆ ನೋಡಲು ಕೈ-ಸ್ಕ್ವೇರ್ ಪರೀಕ್ಷೆ ಮಾಡಿ: ಪ್ರತಿ ಸಂಖ್ಯೆಯ ಎಣಿಕೆಗೂ 72.5ಕ್ಕೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, 72.5ರಿಂದ ಭಾಗಿಸಿ, ಎಲ್ಲವನ್ನೂ ಕೂಡಿಸಿ. ಒಂದೇ ಡ್ರಾದಲ್ಲಿ ಅದೇ ಚೆಂಡು ಎರಡು ಸಲ ಬೀಳದ ಕಾರಣ, ಬಂದ ಮೊತ್ತವನ್ನು 68/64ರಿಂದ ಗುಣಿಸಲೇಬೇಕು. ಅದು 88ರ ಒಳಗಿದ್ದರೆ ಯಂತ್ರ ಪಕ್ಷಪಾತ ಮಾಡುತ್ತಿದೆ ಎನ್ನಲು ಆಧಾರವಿಲ್ಲ.

ಇನ್ನು ಬ್ಯಾಕ್‌ಟೆಸ್ಟ್, ಅಂದರೆ ಸೂತ್ರವನ್ನು ಹಳೆಯ ಫಲಿತಾಂಶಗಳ ಮೇಲೆ ಓಡಿಸಿ ನೋಡುವುದು. ಮೊದಲ 100 ಡ್ರಾಗಳಲ್ಲಿ ಹೆಚ್ಚು ಬಂದ ಐದು ಸಂಖ್ಯೆಗಳನ್ನು ಆರಿಸಿ, 101ನೇ ಡ್ರಾದಲ್ಲಿ ಎಷ್ಟು ಹೊಂದಿದವು ಎಂದು ಬರೆದುಕೊಳ್ಳಿ. ಆಮೇಲೆ ಒಂದು ಸಾಲು ಕೆಳಗೆ ಸರಿದು, 2ರಿಂದ 101ರವರೆಗೆ ಎಣಿಸಿ 102ನ್ನು ನೋಡಿ. ಹೀಗೆ 500 ಸಲ. ಎರಡು ಸಂಖ್ಯೆಗಳು ಸಮವಾದಾಗ ಯಾವುದನ್ನು ಆರಿಸಬೇಕೆಂಬುದು ಶುರುವಿನಲ್ಲೇ ತೀರ್ಮಾನವಾಗಿರಲಿ. ಕಣ್ಣು ಮುಚ್ಚಿ ಆರಿಸಿದರೂ ಡ್ರಾಗೆ 0.362ರಂತೆ 500 ಡ್ರಾಗಳಲ್ಲಿ 181 ಹೊಂದಿಕೆ ಸಿಗುತ್ತದೆ. 156ರಿಂದ 206ರವರೆಗಿನ ಯಾವ ಅಂಕಿಯೂ ಅದೃಷ್ಟದ ಆಟವೇ. ಅದೇ ಹಾಳೆಯಲ್ಲಿ 1-2-3-4-5ನ್ನೂ ಓಡಿಸಿ ನೋಡಿ. ಅದೂ ಇದೇ ಮಿತಿಯೊಳಗೆ ಬಂದು ನಿಲ್ಲುವ ಸಾಧ್ಯತೆಯೇ ಹೆಚ್ಚು.

ಕೆಡುವುದು ಎರಡು ಕಡೆ. ಎಲ್ಲ ಡ್ರಾಗಳನ್ನೂ ಎಣಿಸಿ ಹಾಟ್ ಸಂಖ್ಯೆ ಆರಿಸಿ, ಅವೇ ಡ್ರಾಗಳ ಮೇಲೆ ಪರೀಕ್ಷಿಸಿದರೆ ಅದು ಉತ್ತರ ನೋಡಿಕೊಂಡು ಪರೀಕ್ಷೆ ಬರೆದಂತೆ. ಲಾಭ ಕಂಡೇ ಕಾಣುತ್ತದೆ. ಇನ್ನೊಂದು ಇದಕ್ಕಿಂತ ಮೋಸದ್ದು: ಎಣಿಸುವ ಡ್ರಾಗಳನ್ನು 50, 60, 70 ಎಂದು ಬದಲಿಸುತ್ತ, ಹಾಟ್-ಕೋಲ್ಡ್ ಸೇರಿಸಿ 40 ಸೂತ್ರ ಓಡಿಸಿದರೆ, ಶೇ 5ರ ಮಟ್ಟದಲ್ಲಿ (ಬರೀ ಅದೃಷ್ಟದಿಂದಲೇ ನೂರಕ್ಕೆ ಐದು ಸೂತ್ರ ಗೆದ್ದಂತೆ ಕಾಣುವ ಮಿತಿಯಲ್ಲಿ) ಸುಮಾರು ಎರಡು ಸುಮ್ಮನೆ ‘ಗೆಲ್ಲುತ್ತವೆ’. ಮಾರಾಟಕ್ಕಿಟ್ಟ ಭವಿಷ್ಯ ಹೇಳುವ ಸಾಫ್ಟ್‌ವೇರ್ ತೋರಿಸುವುದು ಆ ಎರಡನ್ನೇ ಇರಬಹುದು. ದುಡ್ಡು ಕೊಡುವ ಮೊದಲು, ಒಟ್ಟು ಎಷ್ಟು ಸೂತ್ರ ಪರೀಕ್ಷಿಸಿದಿರಿ ಎಂದು ದಯವಿಟ್ಟು ಕೇಳಿ. ನಿಮ್ಮದೇ ಹಾಳೆಯಾದರೆ ಕೊನೆಯ 200 ಡ್ರಾಗಳನ್ನು ಮುಟ್ಟದೆ ಎತ್ತಿಟ್ಟು, ಗೆದ್ದ ಸೂತ್ರವನ್ನು ಅವುಗಳ ಮೇಲೆ ಒಂದೇ ಸಲ ಓಡಿಸಿ.

ಎಣಿಕೆಯಿಂದ ನಿಜಕ್ಕೂ ಉಪಯೋಗವಾಗುವುದು ಚೆಂಡುಗಳ ವಿಷಯದಲ್ಲಲ್ಲ, ಜನ ಆರಿಸುವ ಸಂಖ್ಯೆಗಳ ವಿಷಯದಲ್ಲಿ. 2005ರ ಮಾರ್ಚ್ 30ರ ಪವರ್‌ಬಾಲ್‌ನಲ್ಲಿ ಐದು ಬಿಳಿ ಚೆಂಡು ಹೊಂದಿದವರಿಗೆ ಸಿಗುವ, ನಾಲ್ಕೈದು ಜನರಿಗೆ ಬರಬೇಕಿದ್ದ ಎರಡನೇ ಬಹುಮಾನ 110 ಜನರಿಗೆ ಬಂತು. ಫಾರ್ಚೂನ್ ಕುಕಿಯೊಳಗಿನ (ಅಮೆರಿಕದ ಚೀನೀ ಹೋಟೆಲ್‌ಗಳಲ್ಲಿ ಕೊಡುವ, ಒಳಗೆ ಚೀಟಿಯಿರುವ ಬಿಸ್ಕತ್ತು) ಚೀಟಿಯಲ್ಲಿ ಅಚ್ಚಾಗಿದ್ದ 22, 28, 32, 33, 39ನ್ನು ಅವರಲ್ಲಿ ಹೆಚ್ಚಿನವರು ಹಾಗೇ ತುಂಬಿದ್ದರು. ಚೀಟಿಯಲ್ಲಿದ್ದ ಆರನೆಯ ಸಂಖ್ಯೆ 40, ಬಿದ್ದ ಕೆಂಪು ಚೆಂಡು 42. ಅದೂ 40 ಆಗಿದ್ದರೆ ಜಾಕ್‌ಪಾಟ್ ನೂರಕ್ಕೂ ಹೆಚ್ಚು ಪಾಲಾಗುತ್ತಿತ್ತು. ಹುಟ್ಟಿದ ದಿನ ನೋಡಿ ತುಂಬುವವರು 1ರಿಂದ 31ರೊಳಗೇ ಸುತ್ತುತ್ತಾರೆ. 31ರ ಮೇಲಿನ ಸಂಖ್ಯೆಗಳನ್ನು ಸೇರಿಸಿದರೆ ಪಾಲುದಾರರು ಕಡಿಮೆಯಾಗಬಹುದು. ಜಾಕ್‌ಪಾಟ್ ಗೆಲ್ಲುವ ಸಾಧ್ಯತೆ ಮಾತ್ರ ಆಗಲೂ 29,22,01,338ರಲ್ಲಿ ಒಂದೇ.