ಸ್ಟಿರಾಯ್ಡ್ ನುಂಗಿದ ಮೇಲೆ ಬಿಳಿಕಣ ಏರಿದ್ದೇಕೆ?

ಕಬ್ಬಿನ ತರಗು ಸುಡುವ ಕಾಲ ಬಂತೆಂದರೆ ಮಂಡ್ಯದ ನನ್ನ ಕ್ಲಿನಿಕ್ಕಿನಲ್ಲಿ ದಮ್ಮಿನವರು ಜಾಸ್ತಿ. ಹೋದ ತಿಂಗಳು ಒಬ್ಬ ರೈತರು ರಕ್ತದ ರಿಪೋರ್ಟ್ ಹಿಡಿದು ಬಂದರು. ಐದು ದಿನದಿಂದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರು. ದಮ್ಮು ಇಳಿದಿತ್ತು. ಆದರೆ ಬಿಳಿಕಣ 14,600. ಅದರಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಯವು ಶೇ. 86. ಮಾತ್ರೆಗೆ ಮುಂಚೆ ಶೇ. 9 ಇದ್ದ ಇಯೋಸಿನೋಫಿಲ್ (ಹಲವರ ದಮ್ಮಿನ ಹಿಂದಿರುವ ಇನ್ನೊಂದು ಬಗೆಯ ಬಿಳಿಕಣ) ಈಗ ಸೊನ್ನೆ. ಮೆಡಿಕಲ್ ಸ್ಟೋರಿನಲ್ಲಿ ಯಾರೋ ಇನ್‌ಫೆಕ್ಷನ್ ಅಂದಿದ್ದರಂತೆ.

"ಮೈಯೆಲ್ಲ ನಂಜಾಗದಾ ಸಾ?"

ಜ್ವರವಿಲ್ಲ, ಹಳದಿ ಕಫವಿಲ್ಲ. ರಕ್ತದಲ್ಲಿ ಎಳೆಯ ನ್ಯೂಟ್ರೋಫಿಲ್‌ಗಳೂ ಕಾಣಲಿಲ್ಲ. ಇದು ಮಾತ್ರೆಯದೇ ಕೆಲಸ.

ನಮ್ಮ ಮೂಳೆಯ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ಹುಟ್ಟಿಸುತ್ತದೆ. ಹೆಚ್ಚುಕಡಿಮೆ ಅಷ್ಟೇ ಸಾಯಲೂ ಬೇಕು, ಇಲ್ಲದಿದ್ದರೆ ಜಾಗ ಎಲ್ಲಿ? ಸಾಯುವ ಏರ್ಪಾಡು ಕಣದ ಒಳಗೇ ಇರುತ್ತದೆ. 1972ರಲ್ಲಿ ಇದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. 'ಇನ್ನೂ ಇರು' ಎಂದು ಹೊರಗಿನಿಂದ ಹೇಳಿಕೆ ಬರುತ್ತಿರುವವರೆಗೆ ಕಣ ಬದುಕುತ್ತದೆ. ನ್ಯೂಟ್ರೋಫಿಲ್‌ಗೆ ಹಾಗೆ ಹೇಳುವ ಪ್ರೋಟೀನ್ ಜಿ-ಸಿಎಸ್‌ಎಫ್, ಇಯೋಸಿನೋಫಿಲ್‌ಗೆ ಇಂಟರ್‌ಲ್ಯೂಕಿನ್-5, ಟಿ ಕಣಗಳೆಂಬ ಬಿಳಿಕಣಗಳಿಗೆ ಇಂಟರ್‌ಲ್ಯೂಕಿನ್-7. ಕೀಮೋ ಆದವರಿಗೆ ಬಿಳಿಕಣ ಏರಲಿ ಎಂದು ಕೊಡುವ ಇಂಜೆಕ್ಷನ್ ಇದೇ ಜಿ-ಸಿಎಸ್‌ಎಫ್.

ಸ್ಟಿರಾಯ್ಡ್ ಎಂದರೆ ನಮ್ಮದೇ ಕಾರ್ಟಿಸಾಲ್ ಹಾರ್ಮೋನಿನ ಅಣ್ಣ ಅನ್ನಿ. ಅದರ ಪಕ್ಷಪಾತ ನೋಡಿ: ಇಯೋಸಿನೋಫಿಲ್‌ಗೆ ಬರುತ್ತಿದ್ದ ಹೇಳಿಕೆಯನ್ನು ಕಡಿಮೆ ಮಾಡಿ ಸಾಯಿಸುತ್ತದೆ, ನ್ಯೂಟ್ರೋಫಿಲ್ ಸಾವನ್ನು ಮುಂದೂಡುತ್ತದೆ. ಟಿ ಕಣಗಳೂ ಸೇರಿದ ಲಿಂಫೋಸೈಟ್‌ಗಳಲ್ಲಿ ಕೆಲವು ಸಾಯುತ್ತವೆ, ಹಲವು ಸುಮ್ನೆ ಮಜ್ಜೆಗೆ ಹೋಗಿ ಕೂರುತ್ತವೆ. ಎದೆಗೂಡಿನ ಥೈಮಸ್ ಗ್ರಂಥಿಯ ಎಳೆಯ ಟಿ ಕಣಗಳಿಗಂತೂ ಇದು ಯಮ. ಕಷ್ಟ ಕೊಟ್ಟ ಇಲಿಗಳಲ್ಲಿ ಥೈಮಸ್ ಕುಗ್ಗುವುದನ್ನು ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲೇ ಬರೆದಿದ್ದ.

ಒಂದು ಮಾತು. 14,600 ಆದದ್ದು ಆಯುಸ್ಸು ಹೆಚ್ಚಿದ್ದರಿಂದಷ್ಟೇ ಅಲ್ಲ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಸ್ಟಿರಾಯ್ಡ್ ಬಿದ್ದ ಕೂಡಲೇ ಬಿಟ್ಟು ಹರಿಯತೊಡಗುತ್ತವೆ, ಮಜ್ಜೆಯಿಂದಲೂ ಹೊಸವು ಇಳಿಯುತ್ತವೆ. ಜಗಲಿಯಲ್ಲಿ ಕೂತವರು ಎದ್ದು ಬೀದಿಗೆ ಬಂದರೆ ಊರಿನ ಜನ ಹೆಚ್ಚಾದಂತೆ ಕಾಣುತ್ತದೆ, ಅಲ್ವಾ?

ಆಂಟಿಬಯೋಟಿಕ್ ಬರೆಯಲಿಲ್ಲ. ಮಾತ್ರೆ ಮುಗಿದು ಹತ್ತು ದಿನಕ್ಕೆ ನೋಡಿದಾಗ ಬಿಳಿಕಣ 8,200. ಇಯೋಸಿನೋಫಿಲ್ ಮತ್ತೆ ಶೇ. 6 ಆಗಿತ್ತು. ಅದನ್ನು ತೋರಿಸಿಯೇ ಹೇಳಿದೆ: "ಗೌಡ್ರೇ, ಇನ್‌ಹೇಲರ್ ಬಿಡ್ಬೇಡಿ."